ಸತ್ತ ಅತ್ತೆಯ ಬೀಗದ ಕೈ

ನಮ್ಮ ಅತ್ತಿಗೆ ಕಾದಂಬರಿ ಬರೆಯಲು ಕಲಿತದ್ದು ಹೊಲಿಗೆ ಯಂತ್ರದ ಮುಂದೆ. ಹಗಲೆಲ್ಲ ದರ್ಜಿ ಅಂಗಡಿಯಲ್ಲಿ ಅಂಗಿ ಹೊಲಿದು, ಸಂಜೆ ಹಳೆಯ ಕಾದಂಬರಿಗಳ ಹೊಲಿಗೆ ಬಿಚ್ಚಿ ನೋಡುತ್ತಿದ್ದರು. ಜಗಳ ಎಲ್ಲಿ ಶುರುವಾಯಿತು, ಗುಟ್ಟು ಎಲ್ಲಿ ಬಯಲಾಯಿತು, ಓದುವವರು ಎಲ್ಲಿ ಆಕಳಿಸುತ್ತಾರೆ. ಅವರ ಮೊದಲ ಎರಡು ಕಾದಂಬರಿಗಳನ್ನು ಓದಿ ನಾನೇ ಆಕಳಿಸಿದ್ದೆ, ಮುಖಕ್ಕೆ ಹೇಳಿಯೂ ಇದ್ದೆ. ನಾದಿನಿ ಎಂದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಮೂರನೆಯದನ್ನು ವಾರಪತ್ರಿಕೆಯೊಂದು ಧಾರಾವಾಹಿಯಾಗಿ ಹಾಕಿಕೊಂಡಿತು. ಅತ್ತಿಗೆ ಅಂಗಡಿ ಬಿಟ್ಟರು. ಮರುವಾರವೇ ಅವರ ಯಂತ್ರದ ಮುಂದೆ ಅಂಗಡಿಯ ಯಜಮಾನರು ಬೇರೆಯವರನ್ನು ಕೂರಿಸಿದರು. ಇನ್ನು ಹೊಟ್ಟೆಪಾಡು ಬರವಣಿಗೆಯಿಂದಲೇ ನಡೆಯಬೇಕಿತ್ತು.

ಹೊಲಿಗೆಯ ಚಾಳಿ ಮಾತ್ರ ಹೋಗಲಿಲ್ಲ. ತೋಳು, ಕಾಲರು, ಜೇಬು ಎಂದು ಬಿಡಿಬಿಡಿಯಾಗಿ ಕತ್ತರಿಸಿ ಆಮೇಲೆ ಜೋಡಿಸುವ ಹಾಗೆ, ಯಾವ ಅಧ್ಯಾಯ ಹೊಳೆಯಿತೋ ಅದನ್ನು ಬರೆದಿಡುತ್ತಿದ್ದರು. ಕೊನೆಯ ಅಧ್ಯಾಯವನ್ನು ಎಲ್ಲಕ್ಕಿಂತ ಮೊದಲೇ ಬರೆದು ಪತ್ರಿಕೆಗೆ ಕೊಟ್ಟಾಗಿತ್ತು. ಅದರಲ್ಲಿ ಗಟ್ಟಿಗಿತ್ತಿ ಅತ್ತೆ ಮನೆಯ ಬೀಗದ ಕೈಯನ್ನು ಸೊಸೆಗೆ ಕೊಡುತ್ತಾಳೆ. ಸಂಪಾದಕರು ಕಥೆ ಒಪ್ಪಿದ್ದೇ ಅದನ್ನು ಮೆಚ್ಚಿ. ಆದರೆ ನಡುವೆ ಒಂದು ದಿನ ಅಡುಗೆಮನೆಯಲ್ಲಿ ನಮ್ಮಮ್ಮನ ಜೊತೆ ಜಟಾಪಟಿಯಾಯಿತು. ಅದೇ ಸಿಟ್ಟಿನಲ್ಲಿ ಕೂತು ಅತ್ತಿಗೆ ಕಥೆಯ ಅತ್ತೆಯನ್ನು ಕೊಂದುಬಿಟ್ಟರು. ಬೀಗದ ಕೈಯ ನೆನಪೇ ಆಗಲಿಲ್ಲ. ಸಂಪಾದಕರು ರಜೆಯಲ್ಲಿದ್ದ ವಾರ ಅದು ಅಚ್ಚೂ ಆಯಿತು.

ಪತ್ರಿಕೆ ಓದಿದ ಅಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ರಜೆ ಮುಗಿಸಿ ಬಂದ ಸಂಪಾದಕರು ಫೋನ್ ಮಾಡಿದರು.

"ಸತ್ತೋರು ಎದ್ದು ಬಂದು ಬೀಗದ ಕೈ ಕೊಡ್ತಾರೇನಮ್ಮಾ? ನಾಳೆಯೊಳಗೆ ಸರಿ ಮಾಡಿ. ಇಲ್ಲಾಂದ್ರೆ ಕಥೆ ಇಲ್ಲಿಗೇ ನಿಲ್ಸ್ತೀವಿ."

ಕಥೆ ನಿಂತರೆ ಅಂಗಡಿಯಲ್ಲೂ ಜಾಗವಿಲ್ಲ, ಬೇರೆ ಪತ್ರಿಕೆಯವರೂ ಹತ್ತಿರ ಸೇರಿಸುವುದಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತ ಅತ್ತಿಗೆಯನ್ನು ನೋಡಿ ನನಗೂ ತಮಾಷೆ ಮಾಡಲು ಮನಸ್ಸು ಬರಲಿಲ್ಲ. ನಿಜಕ್ಕೂ ಭಯವಾಗಿತ್ತು.

ಪಾತ್ರೆ ಒರೆಸುತ್ತಿದ್ದ ಅಮ್ಮ ಗೋಡೆಗೆ ಹೇಳುವವಳಂತೆ ಕೇಳಿದಳು, "ಅವಳು ಸತ್ತಿದ್ದನ್ನ ಯಾರು ನೋಡಿದ್ರಂತೆ?"

ಅತ್ತಿಗೆ ತಡಬಡಿಸಿ ಪತ್ರಿಕೆ ತೆಗೆದರು. ಯಾರೂ ನೋಡಿರಲಿಲ್ಲ! ಅತ್ತೆ ತಂಗಿಯ ಮನೆಗೆ ಹೋಗಿದ್ದಳು, ಸುದ್ದಿಯಷ್ಟೇ ಫೋನಿನಲ್ಲಿ ಬಂದಿತ್ತು.

"ಅವಳೇ ತಂಗಿ ಕೈಲಿ ಹೇಳಿಸಿರ್ತಾಳೆ," ಎಂದಳು ಅಮ್ಮ. "ಯಾರು ಅಳ್ತಾರೆ, ಯಾರು ಬೀರು ತಡಕಾಡ್ತಾರೆ ಅಂತ ನೋಡೋಕೆ. ನಾನಾಗಿದ್ರೆ ಅದನ್ನೇ ಮಾಡ್ತಿದ್ದೆ."

ಮುಂದಿನ ಕಂತಿನಲ್ಲಿ ಸತ್ತ ಅತ್ತೆ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಮಗ ಬೀರು ತಡಕಾಡುತ್ತಿದ್ದ. ಅಳುತ್ತಿದ್ದವಳು ಸೊಸೆಯೊಬ್ಬಳೇ. ಬೀಗದ ಕೈ ಅವಳಿಗೇ ಏಕೆ ಸಿಕ್ಕಿತು ಎನ್ನುವುದಕ್ಕೂ ಕಾರಣ ಹುಟ್ಟಿತು.

"ಮುಂದಿನ ಕಾದಂಬರೀನೂ ನಮಗೇ ಕೊಡಿ," ಎಂದರು ಸಂಪಾದಕರು. ಅಬ್ಬಾ, ಹೋದ ಜೀವ ಬಂದಂತಾಯಿತು ನಮಗೆಲ್ಲ! ಅಂದಿನಿಂದ ಅತ್ತಿಗೆ ಕಾದಂಬರಿ ಬರೆದೇ ಬದುಕುತ್ತಿದ್ದಾರೆ.

ಆ ಕಂತು ಅಚ್ಚಾಗಿ ಬಂದ ದಿನ ಅಮ್ಮ ಅದನ್ನು ಮತ್ತೆ ಮತ್ತೆ ಓದಿ ಕನ್ನಡಕ ತೆಗೆದಳು.

"ಸೊಸೆ ನಿಜವಾಗ್ಲೂ ಅಳ್ತಾಳೇನೇ?"

"ಬರೆಯೋವಾಗ ನಂಗೇ ಅಳು ಬಂತು, ಅತ್ತೆ."

ಅಮ್ಮ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತ ಕೂತಳು. ಆಮೇಲೆ ಹೇಳಿದಳು, "ಇನ್ನೊಂದು ಸಲ ನನ್ನನ್ನ ಸಾಯಿಸೋ ಮುಂಚೆ ಒಂದು ಮಾತು ಕೇಳು."