ಬೈಕ್ ಮನೆಯಲ್ಲೇ ಇದೆ

"ಇಲ್ಲ ಮಾವ, ಬೈಕ್ ಮಾರಿಲ್ಲ, ಸುಮ್ನೆ ಸೈಕಲ್ ತುಳಿಯಾಕೆ ಹೋಗಿದ್ದೆ!" ಅಷ್ಟರಲ್ಲಿ ಅವರು ಫೋನ್ ಇಟ್ಟರು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೆಳೆಯರೇ, ಇವತ್ತು ಗೋವಿನಕೋವಿಯಿಂದ ಹೊನ್ನಾಳಿ ಕಡೆ ನಾಲೆ ಪಕ್ಕದ ದಾರಿ ಹಿಡಿದು ದಿನವಿಡೀ ಸೈಕಲ್ ತುಳಿದೆ. ಎರಡೂ ಕಡೆ ಭತ್ತದ ಗದ್ದೆ, ಎಲ್ಲೂ ಏರುದಾರಿಯೇ ಇಲ್ಲ. ಹೊನ್ನಾಳಿಯ ಸೋದರಮಾವ ನೋಡಿದರಂತೆ. ನಾಳೆ ನನ್ನನ್ನು ನೋಡಲು ಬರಬೇಕಿದ್ದ ನಲ್ಲೂರಿನ ಹೆಣ್ಣಿನ ಕಡೆಯವರಿಗೆ, "ಪಾಪ, ಹುಡುಗ ಬೈಕ್ ಮಾರ್ಕೊಂಡಾನೆ" ಎಂದು ಹೇಳಿಬಿಟ್ಟಿದ್ದಾರೆ.

ಮನೆಗೆ ಬಂದರೆ ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. "ಅವ್ರು ಬರಲ್ಲಂತೆ ಕಣೋ."

"ಬೈಕ್ ಮನೇಲೇ ಐತೆ ಅಂತ ಹೇಳ್ಬೇಕಿತ್ತವ್ವ."

"ಹೇಳ್ದೆ. ಬೈಕ್ ಇಟ್ಕೊಂಡು ಸೈಕಲ್ ತುಳಿಯೋನಿಗೆ ತಲೆ ನೆಟ್ಟಗೈತಾ ಅಂತ ಕೇಳಿದ್ರು."

ಬೈಕ್ ಕೀಲಿಯನ್ನು ಗೋಡೆಯ ಮೊಳೆಯಲ್ಲೇ ಬಿಟ್ಟು, ಸೈಕಲ್ ಮತ್ತೆ ಹೊರಗೆ ತಂದು ಬಾಗಿಲು ಎಳೆದುಕೊಂಡೆ.