ಮಾವು ಒಂದೇ, ತೀರಿಕೊಂಡವರು ಐವರು

ಬೆಳಗಿನ ಆರು ಗಂಟೆ. ಅಮೆರಿಕದ ವಿಸ್ಕಾನ್ಸಿನ್‌ನ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕದ ಗಾಡಿಯ ಚಕ್ರವೊಂದು ಕಿರುಗುಟ್ಟುತ್ತದೆ. ತಳ್ಳುತ್ತಿರುವ, ಥಾಯ್ಲೆಂಡ್ ಮೂಲದ ಬುಸಬಾ ಅವರಿಗೆ ಐವತ್ತೆಂಟು ವರ್ಷ. ಕೋಟು ಬಿಚ್ಚುವ ಮೊದಲೇ ಅವರು ಒಂದು ಪುಸ್ತಕ ತೆರೆಯುತ್ತಾರೆ, ಅದೂ ಮೊದಲ ಪುಟದಿಂದ.

ಆಗ್ನೇಯ ಏಷ್ಯಾ ವಿಭಾಗಕ್ಕೆ ಬರುವ ಥಾಯ್ ಪುಸ್ತಕಗಳ ವಿವರ ದಾಖಲಿಸುವುದು ಅವರ ಹತ್ತೊಂಬತ್ತು ವರ್ಷಗಳ ಕೆಲಸ. ದಿನಕ್ಕೆ ಮೂವತ್ತು ಪುಸ್ತಕ. ಸಂಶೋಧಕರು ತಮ್ಮ ಗ್ರಂಥಗಳಲ್ಲಿ ‘ಗ್ರಂಥಾಲಯದ ಸಿಬ್ಬಂದಿಗೆ ವಂದನೆ’ ಎಂದು ಬರೆಯುತ್ತಾರೆ. ಹೆಸರು ಇರುವುದಿಲ್ಲ.

ಈ ವಾರ ಅವರಿಗೆ ನಿದ್ದೆ ಕಡಿಮೆ. ಕಪಾಟುಗಳಲ್ಲಿ ಜಾಗ ಸಾಲದು. ಒಂದೇ ಶೀರ್ಷಿಕೆಯ ಪುಸ್ತಕಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಶುಕ್ರವಾರ ಸಾಗಹಾಕಬೇಕು. ಕಂಪ್ಯೂಟರ್ ಕೊಟ್ಟ ಪಟ್ಟಿಯಲ್ಲಿ ಇನ್ನೂರಹನ್ನೆರಡು ಪುಸ್ತಕಗಳಿವೆ.

“ಮಾವಿನ ಕಸಿ ಬಗ್ಗೆ ಐದು ಪ್ರತಿ ಯಾಕಮ್ಮ? ಇಲ್ಲಿ ಹಿಮದಲ್ಲಿ ತೋಟ ಹಾಕ್ತೀಯಾ?” ಎಂದು ಮೇಲಧಿಕಾರಿ ಲೋರ್ನಾ ಛೇಡಿಸುತ್ತಾರೆ.

“ಮಾವು ಒಂದೇ ಲೋರ್ನಾ. ತೀರ್ಕೊಂಡವರು ಐದು ಜನ.”

ಥಾಯ್ ಮನೆಗಳಲ್ಲಿ ಶವದಹನಕ್ಕೆ ಬಂದವರ ಕೈಗೆ ಪುಸ್ತಕ ಕೊಡುವ ವಾಡಿಕೆಯಿದೆ. ಒಳಗಿರುವುದು ತೋಟಗಾರಿಕೆಯೋ ಅಡುಗೆಯೋ ಧರ್ಮೋಪದೇಶವೋ. ಹಳೆಯದನ್ನೇ ಎಷ್ಟೋ ಮನೆಯವರು ಮತ್ತೆ ಅಚ್ಚು ಹಾಕಿಸುತ್ತಾರೆ. ಮೊದಲ ಹತ್ತಿಪ್ಪತ್ತು ಪುಟಗಳು ಮಾತ್ರ ತೀರಿಕೊಂಡವರವು: ಫೋಟೊ, ಹುಟ್ಟೂರು, ಮಾಡಿದ ಕೆಲಸ, ಮಕ್ಕಳು ಬರೆದ ನಾಲ್ಕು ಮಾತು. ಸಾಮಾನ್ಯರ ಬದುಕು ಬೇರೆಲ್ಲೂ ದಾಖಲಾಗಿರುವುದಿಲ್ಲ.

ಇದು ಗೊತ್ತಿದ್ದೂ ಬುಸಬಾ ಒಮ್ಮೆ ತಪ್ಪಿದ್ದಾರೆ. “ಸೇರಿದ ಮೊದಲ ವರ್ಷ. ಚುರುಕು ಅನ್ನಿಸ್ಕೊಳ್ಳೋ ಆಸೆ. ಶೀರ್ಷಿಕೆ ಮಾತ್ರ ನೋಡಿದೆ, ಪುಸ್ತಕ ಕೈಬಿಡೋ ಚೀಟಿಗೆ ಸಹಿ ಹಾಕಿದೆ. ನಮ್ಮಪ್ಪನ ದಹನಕ್ಕೂ ನಾನೇ ಅಂಥ ಪುಸ್ತಕ ಹಂಚಿದ್ದೆ, ನೋಡಿ.”

ಕಳೆದ ವರ್ಷ ಥಾಯ್ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಪುಸ್ತಕ ಹುಡುಕಿಕೊಂಡು ಬಂದಳು. ಅಜ್ಜಿ ರೈಲು ನಿಲ್ದಾಣದಲ್ಲಿ ತಂತಿ ಕಳಿಸುತ್ತಿದ್ದವರು. ಮನೆಯ ಪ್ರತಿ ಪ್ರವಾಹದಲ್ಲಿ ಹೋಗಿತ್ತು. ಕೈಬಿಟ್ಟ ಪುಸ್ತಕಗಳ ಹಳೆಯ ಚೀಟಿಗಳಲ್ಲಿ ಆ ಹೆಸರು ಸಿಕ್ಕಿತು, ಕೆಳಗೆ ಬುಸಬಾ ಸಹಿಯೊಂದಿಗೆ. ಅವರು ಚೀಟಿಯನ್ನು ಹುಡುಗಿಯ ಮುಂದಿಟ್ಟರು.

ಹುಡುಗಿ ಅದನ್ನು ಓದಿ ಹಿಂದಕ್ಕೆ ಕೊಟ್ಟಳಂತೆ. “ಮನೇಲಿ ಹೇಳಲ್ಲ ದೊಡ್ಡಮ್ಮ. ನೀರು ತಗೊಂಡೋಯ್ತು ಅಂತ ಅಮ್ಮ ಸಮಾಧಾನ ಮಾಡ್ಕೊಂಡಿದಾಳೆ. ಅದು ಹಾಗೇ ಇರ್ಲಿ,” ಎಂದಳಂತೆ.

ಗುರುವಾರ ಸಂಜೆ ಪಟ್ಟಿ ಮುಗಿಯುತ್ತದೆ. ಅರವತ್ತೇಳು ಪುಸ್ತಕಗಳ ಮೊದಲ ಪುಟಗಳು ಬೇರೆ ಬೇರೆ. ಐದು ಮಾವಿನ ಪುಸ್ತಕಗಳನ್ನು ತೆರೆದು ಐದು ಮುಖಗಳನ್ನು ನೋಡಿದ ಲೋರ್ನಾ ಆ ಅರವತ್ತೇಳನ್ನೂ ಪಟ್ಟಿಯಿಂದ ಹೊಡೆದುಹಾಕುತ್ತಾರೆ.

ಚೀಟಿಯ ಸಂಗತಿಯನ್ನು ಈ ಲೇಖನದಲ್ಲಿ ಬರೆಯಬಹುದೇ ಎಂದು ಕೇಳಿದರೆ ಬುಸಬಾ ಯೋಚಿಸುತ್ತಾರೆ. “ನನ್ನ ಹೆಸರು ಹಾಕಿ. ಓದಿದವರು ಇನ್ನೊಂದು ಸಲ ಪುಟ ತೆಗೆದು ನೋಡ್ಲಿ. ಹುಡುಗಿ ಹೆಸರು, ಅಜ್ಜಿ ಹೆಸರು ಬೇಡ.”

ದಾನವಾಗಿ ಬಂದ ಪ್ರತಿ ಪೆಟ್ಟಿಗೆಯಲ್ಲೂ ಅವರು ಆ ಅಜ್ಜಿಯ ಹಳದಿ ರಟ್ಟಿನ ಪುಸ್ತಕದ ಇನ್ನೊಂದು ಪ್ರತಿ ಹುಡುಕುತ್ತಾರೆ. ಸಿಕ್ಕರೆ?

“ಅವಳ ಕೈಗೆ ಕೊಡ್ತೀನಿ. ಆಮೇಲೆ ಯಾರಿಗೂ ಹೇಳಲ್ಲ. ನಿಮಗೂ.”