ಕೊಳಲಿಗೆ ಆಸರೆಯಾದ ಒಸಡು

ಹಲ್ಲುಪುಡಿ ಉಗಿದಾಗ ರಕ್ತ ಬಂತು.

"ರೀ, ಬಾಯಿ ತೋರಿಸಿ" ಎಂದೆ. ನನ್ನ ಗಂಡ ತುಟಿ ಬಿಗಿದುಕೊಂಡು ಬಚ್ಚಲಿನಿಂದ ಹೊರಗೆ ಹೋದರು.

ಇವರು ಕೊಳಲು ನುಡಿಸುವವರು, ಬಸವನಗುಡಿಯಲ್ಲಿ ಪಾಠ ಹೇಳುತ್ತಾರೆ. ಕೊಳಲು ಒರಗುವ ಕೆಳತುಟಿಗೆ ಹಿಂದಿನಿಂದ ಹಲ್ಲಿನ ಆಸರೆ ಬೇಕು. ಇಲ್ಲದಿದ್ದರೆ ಬರೀ ಗಾಳಿ. ಅದಕ್ಕೇ ಬಿದ್ದುಹೋದ ಎರಡು ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಹಾಕಿಸಿದ್ದೆವು. ದವಡೆಯ ಮೂಳೆಗೇ ಲೋಹ ಕೂರಿಸಿ ಮೇಲೆ ಹಲ್ಲು ಕಟ್ಟುವುದು. ಊರಿಗೇ ಹೊಸದು.

ಅದನ್ನು ಹಾಕಿದ ಡಾಕ್ಟರ ಹತ್ತಿರವೇ ಇವರನ್ನು ಕರೆದುಕೊಂಡು ಹೋದೆ. ಡಾಕ್ಟರು ಒಸಡು ಒತ್ತಿದರು. ಕೀವು ಬಂತು.

"ದಿನಾ ಮೆತ್ತನೆ ಬ್ರಶ್ಶಲ್ಲಿ ಉಜ್ಜಿ ಅಂದಿದ್ನಲ್ಲ ಸ್ವಾಮಿ?"

ಇವರ ಬದಲು ನಾನೇ ಹೇಳಿದೆ. ಬ್ರಶ್ ಎಂದರೆ ಹಂದಿ ಕೂದಲು ಎಂದು ಅತ್ತೆಯವರು ಅದನ್ನು ಹೊಸಿಲು ದಾಟಿಸುವುದಿಲ್ಲ. ನಮ್ಮದೇನಿದ್ದರೂ ಉಪ್ಪು, ಇದ್ದಿಲ ಪುಡಿ, ತೋರುಬೆರಳು.

"ಅಯ್ಯೋ ತಾಯಿ, ಅದು ನೈಲಾನ್ ಕಣ್ರೀ!" ಡಾಕ್ಟರು ಹಣೆ ಚಚ್ಚಿಕೊಂಡರು. "ಸ್ವಂತ ಹಲ್ಲನ್ನ ಒಸಡು ಗಟ್ಟಿಯಾಗಿ ಹಿಡ್ಕೊಂಡಿರತ್ತೆ. ಇದಕ್ಕೆ ಆ ಹಿಡಿತ ಇಲ್ಲ. ಸುತ್ತ ಕೊಳೆ ನಿಂತ್ರೆ ಸೀದಾ ಮೂಳೆಗೇ ಇಳಿಯತ್ತೆ."

ಎರಡು ಇಂಪ್ಲಾಂಟಲ್ಲಿ ಒಂದನ್ನು ಕಿತ್ತರು.

ರಾಮನವಮಿಗೆ ಚಾಮರಾಜಪೇಟೆಯ ಪೆಂಡಾಲಿನಲ್ಲಿ ಇವರ ಕಚೇರಿ ಇತ್ತು. ಬೇರೆ ಯಾರೋ ನುಡಿಸಿದರು. ಆ ಸಂಜೆ ಇವರು ಮನೆಯಲ್ಲಿ ಕೂತು ಊದಿದರು, ಊದಿದರು. ಉಸಿರು ಚದುರಿಹೋಯಿತು.

"ನನ್ನ ಕಥೆ ಮುಗೀತು ಕಣೇ" ಎಂದು ಮಗುವಿನ ಹಾಗೆ ಅತ್ತರು. ಅಷ್ಟು ವರ್ಷದ ಸಾಧನೆ ಬೆರಳಗಲದ ಒಸಡಿನಲ್ಲಿ ಕೊಳೆತುಹೋಯಿತಲ್ಲ! ದೇವರ ಮೇಲೆ, ಅತ್ತೆಯ ಮೇಲೆ, ಇವರ ಬಾಯಿಲ್ಲದತನದ ಮೇಲೆ, ಯಾರ ಮೇಲೆಂದು ಹೇಳಲಿ ಸಿಟ್ಟು?

ಮಾರನೆಯ ದಿನ ಗಾಂಧಿ ಬಜಾರಿಗೆ ಹೋಗಿ ಬ್ರಶ್ ತಂದೆ. ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು.

"ಏನೇ ಅದು ಕೈಯಲ್ಲಿ?"

"ನಿಮ್ಮ ಮಗನ ಹಲ್ಲು ಅಮ್ಮ. ಒಳಗೆ ಬೇಡ ಅಂದ್ರೆ ಬೀದೀಲೇ ಕೂರಿಸಿ ಉಜ್ತೀನಿ."

ಅತ್ತೆ ಪಕ್ಕಕ್ಕೆ ಸರಿದರು. "ದೇವರಮನೆ ಕಡೆ ತರ್ಬೇಡ" ಎಂದರು, ಅಷ್ಟೇ.

ಈಗ ಬೆಳಿಗ್ಗೆ ಇವರು ಸುಮ್ಮನೆ ಬಾಯಿ ತೆರೆಯುತ್ತಾರೆ, ನಾನು ಉಜ್ಜುತ್ತೇನೆ. ರಕ್ತ ನಿಂತಿದೆ. ಉಳಿದ ಒಂದು ಹಲ್ಲು ನಿಲ್ಲಬಹುದು ಎನ್ನುತ್ತಾರೆ ಡಾಕ್ಟರು. ಇವರು ಮತ್ತೆ ಕೊಳಲು ನುಡಿಸುತ್ತಾರಾ ಎಂದರೆ ಡಾಕ್ಟರು ಕೈ ತೊಳೆಯಲು ಎದ್ದುಹೋಗುತ್ತಾರೆ. ನಾನೂ ಕೇಳುವುದನ್ನು ಬಿಟ್ಟೆ.

ಇವರು ಪಾಠ ಬಿಟ್ಟಿಲ್ಲ. ಹಾಡಿ ತೋರಿಸುತ್ತಾರೆ, ಶಿಷ್ಯರು ನುಡಿಸುತ್ತಾರೆ. ಸ್ವರ ತಪ್ಪಿದರೆ ಮೊದಲಿನಷ್ಟೇ ಜೋರಾಗಿ ಬೈಯುತ್ತಾರೆ. ಒಳಗೆ ತರಕಾರಿ ಹೆಚ್ಚುತ್ತಾ ಆ ಬೈಗುಳ ಕೇಳಿದಾಗ ನನಗೆ ಅಳು ಬರುತ್ತದೆ, ಸಮಾಧಾನವೂ ಆಗುತ್ತದೆ.